ಪರದೆಯ ಮೇಲಿನ ಎಪ್ಪತ್ತು ಡಿಗ್ರಿ

ಲ್ವಿವ್‌ನಿಂದ ಅರ್ಧ ದಿನದ ದಾರಿಯ ಸೊಲೊವಿಂಕ ಪಟ್ಟಣದಲ್ಲಿ, ಊರ ಮನೆಗಳ ಗೋಡೆಗಂಟಿದ ಕಬ್ಬಿಣದ ರೇಡಿಯೇಟರುಗಳಿಗೆಲ್ಲ ಬಿಸಿನೀರು ಹರಿಸಿ ಚಳಿ ಓಡಿಸುವ ಬಾಯ್ಲರ್ ಮನೆ ಒಂದಿದೆ. ಸ್ತೆಫಾನಿಯಾ ಅಲ್ಲಿ ಮೂವತ್ತೊಂದು ಚಳಿಗಾಲ ಸವೆಸಿದವಳು. ಗಂಡ ತೀರಿಕೊಂಡ ವಾರವೂ ಪಾಳಿ ತಪ್ಪಿಸಲಿಲ್ಲ. ಗಂಟೆಗೊಮ್ಮೆ ಎದ್ದು, ಊರಿಗೆ ಹೊರಡುವ ದಪ್ಪ ಕೊಳವೆಯ ಮೇಲೆ ಅಂಗೈ ಊರುತ್ತಿದ್ದಳು. ಮೂರು ಎಣಿಸುವಷ್ಟರಲ್ಲಿ ಕೈ ಕಿತ್ತುಕೊಳ್ಳಬೇಕು ಅನ್ನಿಸಿದರೆ ಊರು ಬೆಚ್ಚಗಿದೆ ಎಂದರ್ಥ.

ಯುದ್ಧದ ಎರಡನೆಯ ಬೇಸಿಗೆಯಲ್ಲಿ ಮೇಸ್ತ್ರಿ ಯಾರೆಮಾ ಇದನ್ನೆಲ್ಲ ಇಂಟರ್‌ನೆಟ್ಟಿಗೆ ಜೋಡಿಸಿದ. ಹೊರಗಿನ ಚಳಿ ಅಳೆಯಲು ಸೂರಿನ ಮೇಲೊಂದು ಪುಟ್ಟ ಪೆಟ್ಟಿಗೆ. ಅದು ಹೇಳಿದ ಚಳಿಗೆ ತಕ್ಕಂತೆ ಬಿಸಿನೀರಿನ ಕವಾಟಗಳು ತಾವೇ ತೆರೆದು ತಾವೇ ಮುಚ್ಚುತ್ತವೆ. ಊರಿಗೆ ಹೊರಡುವ ನೀರಿನ ಬಿಸಿ ಎಷ್ಟೆಂದು ಮೇಜಿನ ಮೇಲಿನ ಪರದೆ ತೋರಿಸುತ್ತದೆ. ಪೆಟ್ಟಿಗೆಗೆ ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನು ಅವನು ಬದಲಿಸಲಿಲ್ಲ. ಹೊಸದಿಟ್ಟರೆ ಪಾಳಿಯವರು ಮರೆತು ತನ್ನ ಪ್ರಾಣ ತಿನ್ನುತ್ತಾರೆಂದು ಹಾಗೇ ಬಿಟ್ಟ.

"ಸ್ತೆಫಾ, ಇನ್ನು ಆ ಕೊಳವೆ ಮುಟ್ಟೋದು ಬಿಡು. ಹಸು ಮೈ ಸವರ್ದಂಗೆ ಸವರ್ತೀಯ," ಎಂದ.

"ಹಸು ಆದ್ರೆ ಹಾಲು ಕೊಡುತ್ತೆ. ನಿನ್ನ ಪರದೆ ಏನ್ ಕೊಡುತ್ತೆ?"

"ಕುರ್ಚಿ ಕೊಡುತ್ತೆ. ಕೂತ್ಕೊ."

ಮಂಡಿನೋವಿನವಳು, ಕೂತಳು.

ಜನವರಿಯ ಒಂದು ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ಅವಳಿಗೆ ಶಾಲೆಯಲ್ಲಿ ಭೂಗೋಳ ಕಲಿಸಿದ ಪರಸ್ಕೇವಾ ಟೀಚರ್. ಎಂಬತ್ತಮೂರು ವರ್ಷ, ಐದನೇ ಮಹಡಿಯಲ್ಲಿ ಒಂಟಿ.

"ನಿನ್ನೆ ಸಂಜೆಯಿಂದ ನನ್ನ ರೇಡಿಯೇಟರ್ ಹೆಣದ ಹಾಗೆ ತಣ್ಣಗಿದೆ ಕಣೆ."

ಸ್ತೆಫಾನಿಯಾ ಪರದೆ ನೋಡಿದಳು. ಎಪ್ಪತ್ತು ಡಿಗ್ರಿ. ಮೇಲಿನ ಮಹಡಿಗಳಲ್ಲಿ ಕೊಳವೆಗೆ ಗಾಳಿ ಸೇರಿ ನೀರು ನಿಲ್ಲುವುದುಂಟು. ಹೀಗಾಗಿ ಯಾರು ದೂರು ಹೇಳಿದರೂ ಬಾಯ್ಲರ್ ಮನೆಯವರ ಬಾಯಲ್ಲಿ ಬರುವ ಉತ್ತರ ಒಂದೇ.

"ಗಾಳಿ ಕಟ್ಟಿರ್ಬೇಕು ಟೀಚರ್. ಪಕ್ಕದ ಸಣ್ಣ ನಲ್ಲಿ ತಿರುಗಿಸಿ, ಗಾಳಿ ಬಿಡಿ."

"ಬಿಟ್ಟೆ. ಬಂದದ್ದು ಗಾಳಿಯಲ್ಲ, ತಣ್ಣೀರು."

"ಇನ್ನೊಂಚೂರು ಬಿಡಿ. ಇಲ್ಲಿ ಎಪ್ಪತ್ತು ತೋರಿಸ್ತಿದೆ."

"ಭೂಪಟದಲ್ಲಿ ಸಮುದ್ರ ತೋರಿಸಿದ್ರೆ ಗೋಡೆ ಒದ್ದೆ ಆಗುತ್ತೇನೆ?" ಎಂದು ಅವರು ಫೋನ್ ಇಟ್ಟರು.

ಹನ್ನೊಂದಕ್ಕೆ ಮತ್ತೆ ಅವರೇ. ಮಾತು ಎಳೆಯುತ್ತಿತ್ತು. "ಎರಡು ಕೋಟು ಹಾಕ್ಕೊಂಡೆ. ನಮ್ಮ ಬೀದೀಲಿ ಕರೆಂಟೂ ಇಲ್ಲ, ಚಾ ಕಾಯ್ಸೋಕೂ ಆಗ್ತಿಲ್ಲ."

"ಸಂಜೆ ಪಾಳಿ ಮುಗಿಸಿ ನಾನೇ ಬರ್ತೀನಿ. ಬಿಸಿ ಬೋರ್ಶ್ ಸಾರು ತರ್ತೀನಿ, ಆಯ್ತಾ?"

"ಬೀಟ್‌ರೂಟ್ ಜಾಸ್ತಿ ಹಾಕು. ನಿಮ್ಮಮ್ಮ ಜಿಪುಣಿ, ಹಾಕ್ತಿರ್ಲಿಲ್ಲ."

ಬೇರೆ ಮನೆಗಳಿಂದಲೂ ಕರೆ ಬಂದವು. ಅವಳು ಎಲ್ಲರಿಗೂ ಗಾಳಿ ಬಿಡಲು ಹೇಳಿದಳು. ಎರಡು ಗಂಟೆಗೆ, ನೆಲಮಹಡಿಯಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಅದೇ ದೂರು ಹೇಳಿದಾಗ ಅವಳು ಕುರ್ಚಿಯಿಂದ ಎದ್ದಳು. ಗಾಳಿ ಏರುವುದು ಮೇಲಕ್ಕೆ. ನೆಲಮಹಡಿಯಲ್ಲಿ ಅದು ಕಟ್ಟಿದ್ದನ್ನು ಅವಳು ಕಂಡೇ ಇಲ್ಲ.

ಓಡಿ ಹೋಗಿ ಕೊಳವೆಯ ಮೇಲೆ ಅಂಗೈ ಇಟ್ಟಳು. ಮೂರು ಎಣಿಸಿದಳು. ಹತ್ತು. ಐವತ್ತು. ಕೈ ಅಲ್ಲೇ ಇತ್ತು.

ಅವಳು ಫೋನ್ ಮಾಡಿದ್ದೇ ಯಾರೆಮಾ ಏದುಸಿರು ಬಿಡುತ್ತ ಬಂದು ಪೆಟ್ಟಿಗೆ ಪರೀಕ್ಷಿಸಿದ. ಎಷ್ಟೋ ದೂರದಲ್ಲಿ ಬೆಚ್ಚಗೆ ಕೂತ ಯಾರೋ, ಬದಲಾಗದ ಆ ಪಾಸ್‌ವರ್ಡ್ ಹಿಡಿದು ಪೆಟ್ಟಿಗೆಯೊಳಗೆ ನುಗ್ಗಿದ್ದರು. ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಕೆಳಗೆ. ಪೆಟ್ಟಿಗೆ ಇಪ್ಪತ್ತೆಂಟರ ಬೇಸಿಗೆ ಎನ್ನುತ್ತಿತ್ತು. ಅದನ್ನು ನಂಬಿ ಕವಾಟಗಳು ಮುಚ್ಚಿಕೊಂಡಿದ್ದವು. ಯಾರಿಗೂ ಸಂಶಯ ಬಾರದಂತೆ ಪರದೆಯ ಎಪ್ಪತ್ತನ್ನು ಮಾತ್ರ ಮೊಳೆ ಹೊಡೆದ ಹಾಗೆ ನಿಲ್ಲಿಸಿದ್ದರು.

"ಯಾರು ಮಾಡಿದ್ದು ಅಂತ..."

"ಆಮೇಲೆ ಹುಡುಕು. ಈಗ ತಿರುಗಿಸು," ಎಂದಳು ಸ್ತೆಫಾನಿಯಾ.

ಕವಾಟದ ಹಳೆಯ ಚಕ್ರಕ್ಕೆ ಕಬ್ಬಿಣದ ಸಲಾಕೆ ಕೊಟ್ಟು ಇಬ್ಬರೂ ಜೋತುಬಿದ್ದರು. ಮುಕ್ಕಾಲು ಗಂಟೆ ಹಿಡಿಯಿತು. ಕೊಳವೆ ಬಿಸಿಯಾದದ್ದೇ ಅವಳು ಟೀಚರ್ ಮನೆಗೆ ನಡೆದಳು. ಬೋರ್ಶ್ ನೆನಪಾಗಲಿಲ್ಲ.

ಪಕ್ಕದ ಮನೆಯವಳು ತನ್ನಲ್ಲಿದ್ದ ಕೀಲಿಯಿಂದ ಬಾಗಿಲು ತೆಗೆದಳು. ಟೀಚರ್ ಎರಡು ಕೋಟು ತೊಟ್ಟು ಕುರ್ಚಿಯಲ್ಲಿದ್ದರು. ಒಂದು ಕೈ ರೇಡಿಯೇಟರಿನ ಸಣ್ಣ ನಲ್ಲಿಯ ಮೇಲಿತ್ತು. ಕೆಳಗೆ ಇಟ್ಟ ಬಟ್ಟಲು ತುಂಬಿತ್ತು. ಹೇಳಿದಷ್ಟು ಸಲವೂ ಗಾಳಿ ಬಿಟ್ಟಿದ್ದರು. ಸ್ತೆಫಾನಿಯಾ ಮಂಡಿಯೂರಿ ಆ ಕೈ ಹಿಡಿದಳು. ರೇಡಿಯೇಟರ್ ಆಗ ಟಿಕ್ಕು ಟಿಕ್ಕೆನ್ನುತ್ತ ಬೆಚ್ಚಗಾಗತೊಡಗಿತ್ತು. ಆ ಕೈ ಬೆಚ್ಚಗಾಗಲಿಲ್ಲ.

ಅಧಿಕಾರಿಗಳು ಬಂದರು, ಬರೆದುಕೊಂಡು ಹೋದರು. ನುಗ್ಗಿದವರು ಯಾರೆಂದು ತಿಳಿಯಲಿಲ್ಲ. ಯಾರೆಮಾ ಪಾಸ್‌ವರ್ಡ್ ಬದಲಿಸಿದ. ಸ್ತೆಫಾನಿಯಾಳ ಮುಖ ನೋಡಿ ಮಾತಾಡುವುದನ್ನು ಬಿಟ್ಟ.

ಅವಳು ಕುರ್ಚಿಯನ್ನು ಮೂಲೆಗೆ ತಳ್ಳಿದಳು. ಗಂಟೆಗೊಮ್ಮೆ ಹೋಗಿ ಕೊಳವೆಗೆ ಅಂಗೈ ಊರುತ್ತಾಳೆ. ಮೂರು ಎಣಿಸಿ ಆದ ಮೇಲೂ, ಸುಡುತ್ತಿದ್ದರೂ, ಕೈ ತೆಗೆಯುವುದಿಲ್ಲ.