ಅವ್ವ ಹೊಲ ಬಿಟ್ಟು ಬರಲಿಲ್ಲ

ಪ್ಲೇಗಿನ ಮಾತು ಬಂದರೆ ನಮ್ಮ ಕಡೆಯ ಹಿರಿಯರು ದನಿ ತಗ್ಗಿಸುತ್ತಾರೆ. ನಾನು ತಗ್ಗಿಸುವುದಿಲ್ಲ. ಆ ಕಾಯಿಲೆ ನ್ಯಾಮತಿಗೆ ಏನು ಮಾಡಿತೆಂದು ನನಗೆ ಗೊತ್ತಿದೆ. ನಮ್ಮ ಓಣಿಯಲ್ಲೇ ಎರಡು ಮನೆಗಳ ಬಾಗಿಲು ಆಮೇಲೆ ತೆರೆಯಲಿಲ್ಲ. ಆದರೂ ಊರು ಬಿಟ್ಟು ಹೊಲದಲ್ಲಿ ಬದುಕಿದ ಆ ಮೂರು ತಿಂಗಳನ್ನು ಕಷ್ಟಕಾಲವೆಂದು ಬರೆಯಲು ನನ್ನಿಂದಾಗದು. ಮನೆಯ ಮಾತನ್ನು ಹೊರಗೆ ಆಡುವ ಅಭ್ಯಾಸ ನನ್ನದಲ್ಲ. ಮೈಸೂರಿನಲ್ಲಿ ಬಿ.ಎ. ಓದಿದಷ್ಟು ಕಾಲವೂ ನಮ್ಮ ಮನೆಯಲ್ಲಿ ಎಷ್ಟು ಜನರೆಂಬುದು ಹಾಸ್ಟೆಲಿನ ಗೆಳತಿಯರಿಗೆ ಸರಿಯಾಗಿ ತಿಳಿದಿರಲಿಲ್ಲ. ಇದೊಂದನ್ನು ಮಾತ್ರ ಹೇಳಿಬಿಡುತ್ತೇನೆ. ಏಕೆಂದರೆ ಊರಿನವರು ಇದನ್ನು ಬೇರೆ ಥರ ಹೇಳುತ್ತಾರೆ: ಹೆಂಗಸೊಬ್ಬಳು ಹಟ ಹಿಡಿದು ಗಂಡನ ಮಾನ ಕಳೆದಳು ಎಂದು.

ನನಗಾಗ ಹತ್ತು ವರ್ಷ. ಚಳಿ ಶುರುವಾಗಿತ್ತು. ಅಜ್ಜಿ, ಅಂದರೆ ಅಪ್ಪನ ತಾಯಿ, ಬೆಳಿಗ್ಗೆ ಜೋಳ ತೆಗೆಯಲು ಹೋದವಳು ಚೀಲದ ಪಕ್ಕದಲ್ಲಿ ಸತ್ತ ಇಲಿ ಕಂಡಳು. ಇಲಿ ಬಿತ್ತೆಂದರೆ ಮನೆ ಬಿಡಬೇಕು. ಅದು ಎಲ್ಲರಿಗೂ ಗೊತ್ತಿದ್ದ ಕ್ರಮ. ಸಂಜೆಯೊಳಗೆ ಅಪ್ಪ ಕಮಾನು ಗಾಡಿಗೆ ಎತ್ತು ಹೂಡಿದ. ಆ ಗಾಡಿ ಅವ್ವನ ತವರಿನದು. ಮದುವೆಯಾಗಿ ಜಗಳೂರಿನಿಂದ ಬರುವಾಗ ಮೂರು ದಿನ ಅದರಲ್ಲೇ ಕೂತು ಬಂದಿದ್ದಳಂತೆ. ಬಿದಿರಿನ ಕಮಾನು, ಮೇಲೆ ಈಚಲ ಚಾಪೆ, ಒಳಗೆ ಹುಲ್ಲು ಹಾಸಿದರೆ ಮೂವರು ಕಾಲು ಮಡಿಸಿ ಮಲಗುವಷ್ಟು ಜಾಗ.

ನಮ್ಮ ಹೊಲ ಸವಳಂಗದ ದಾರಿಯಲ್ಲಿತ್ತು, ಊರಿನಿಂದ ಎರಡು ಮೈಲಿ. ಎತ್ತು ಬಿಚ್ಚಿ, ಗಾಡಿಯ ಹಿಂದೆ ಮುಂದೆ ಮರದ ಆಸರೆ ಕೊಟ್ಟ ಮೇಲೆ ಅದೇ ನಮ್ಮ ಮನೆ. ಅಜ್ಜಿ, ಅವ್ವ, ನಾನು ಒಳಗೆ. ಅಪ್ಪ ಕಂಬಳಿ ಹೊದ್ದು ಗಾಡಿಯ ಕೆಳಗೆ. ಬಟ್ಟೆಬರೆ ಕಮಾನಿಗೆ ತೂಗುಬಿದ್ದವು, ಸೌಟು ಮತ್ತು ಜಾಲರಿ ಚಕ್ರದ ಅರೆಕಾಲುಗಳಿಗೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಬೇರೆ ಮನೆಯವರ ಗಾಡಿಗಳು, ಗುಡಿಸಲುಗಳು. ಅವ್ವ ಗಾಡಿಯ ಮರೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು.

ಹದಿನೈದು ದಿನ ಕಳೆದಿರಬಹುದು, ಅವ್ವ ಕೆಮ್ಮುತ್ತಿಲ್ಲವೆಂದು ನನಗೆ ಹೊಳೆಯಿತು. ಊರಿನಲ್ಲಿ ಅವಳು ಮನೆಯಲ್ಲಿದ್ದಾಳೋ ಇಲ್ಲವೋ ಎಂದು ತಿಳಿಯುತ್ತಿದ್ದದ್ದೇ ಕೆಮ್ಮಿನಿಂದ. ಕಣ್ಣಿನಿಂದ ನೀರು ಇಳಿಯುವುದು ನಿಂತಿತ್ತು. ಸದಾ ಕೆಂಪಗಿರುತ್ತಿದ್ದ ಕಣ್ಣು ಬೆಳ್ಳಗಾಗಿತ್ತು. ಅದಕ್ಕಿಂತ ದೊಡ್ಡ ಸಂಗತಿ, ಅವ್ವ ಮಾತಾಡತೊಡಗಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಉಂಡ ಮೇಲೆ ಅವಳು ತಟ್ಟೆ ಹಾಕಿಕೊಂಡು ಕೂತಳು. ಊರಿನಲ್ಲಾದರೆ ಒಳಗೆ ಕತ್ತಲಲ್ಲಿ ಕೂತು ಉಣ್ಣುತ್ತಿದ್ದಳು. ಇಲ್ಲಿ ಅಪ್ಪನ ಎದುರಿಗೇ ಕೂರಬೇಕಿತ್ತು.

"ಏನೇ ಇದು, ಅರ್ಧ ರೊಟ್ಟಿ?" ಎಂದ ಅಪ್ಪ.

"ದಿನಾ ಇಷ್ಟೇ."

ಅಜ್ಜಿ ಎಲೆ ಮೆಲ್ಲುತ್ತಾ, "ಅಡಿಗೆ ಮಾಡೋಳಿಗೆ ವಾಸನೇಲೇ ಹೊಟ್ಟೆ ತುಂಬ್ತೈತೆ ಬಿಡೋ," ಎಂದಳು.

"ಹಂಗಾದ್ರೆ ನಾಳೆ ನೀವೇ ಬಂದು ವಾಸನೆ ತಗಳ್ರಿ ಅತ್ತೆ, ನಾನು ರೊಟ್ಟಿ ತಿಂತೀನಿ."

ಅಪ್ಪ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಮರುದಿನದಿಂದ ಅವ್ವ ಎರಡು ರೊಟ್ಟಿ ಹೆಚ್ಚಿಗೆ ತಟ್ಟಿದಳು; ಯಾರನ್ನೂ ಕೇಳಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಕಾಯಿಲೆ ಇಳಿಯಿತು. ಗಾಳಿ ಬಿಸಿಲು ಆಡಲೆಂದು ಊರಿನ ಮನೆಗಳ ಹೆಂಚು ಇಳಿಸಿದ್ದರು. ಮತ್ತೆ ಹೆಂಚು ಹೊದಿಸುವ ಮುಂಚೆ ನೆಲ ಸಾರಿಸಬೇಕೆಂದು ಅಪ್ಪ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋದ.

ನಮ್ಮ ಅಡುಗೆಮನೆಗೆ ಒಂದು ಕಿಟಕಿಯೂ ಇರಲಿಲ್ಲ. ಹಗಲಲ್ಲೂ ಬುಡ್ಡಿ ಹಚ್ಚಬೇಕಿತ್ತು. ಅಂದು ಮೇಲೆ ಆಕಾಶ ಬಿಚ್ಚಿಕೊಂಡು, ಬಿಸಿಲು ನೇರವಾಗಿ ಒಲೆಯ ಮೇಲೆ ಬಿದ್ದಿತ್ತು. ಗೋಡೆಗಳು ಗಾಡಿಯ ಕೀಲೆಣ್ಣೆ ಬಳಿದಂತೆ ಕಪ್ಪಗೆ ಮಿರುಗುತ್ತಿದ್ದವು. ಒಲೆಯ ಪಕ್ಕದಲ್ಲಿ, ಕೂತವರ ತೋಳಿನ ಎತ್ತರಕ್ಕೆ, ಒಂದು ಕಡೆ ಮಾತ್ರ ಮಸಿ ಇರಲಿಲ್ಲ. ಅದು ಅಂಗೈ ಅಗಲದ ಗುರುತು. ಕತ್ತಲಲ್ಲಿ ಏಳುವಾಗಲೆಲ್ಲ ಅವ್ವ ಅಲ್ಲಿ ಕೈಯೂರುತ್ತಿದ್ದಳು. ಅವಳು ಹೋಗಿ ಆ ಗುರುತಿನ ಮೇಲೆ ಕೈಯಿಟ್ಟಳು. ಸರಿಯಾಗಿ ಕೂತಿತು.

"ಇದರಾಗೆ ಹನ್ನೆಲ್ಡು ವರ್ಷ ಇದ್ನಾ ನಾನು?"

"ಹೆಂಚು ಹೊದಿಸಿದ ಮೇಲೆ ಎಲ್ಲಾ ಮೊದಲಿನಂಗೆ ಆಗ್ತೈತೆ ಬಿಡು," ಎಂದ ಅಪ್ಪ, ಸಮಾಧಾನ ಮಾಡುವವನಂತೆ.

"ಅದಕ್ಕೇ ಹೇಳ್ತಿರೋದು. ಈ ಗೋಡೆಗೆ ಒಂದು ಕಿಟಕಿ ಇಡಿಸ್ರಿ. ಆಮೇಲೆ ಬರ್ತೀನಿ."

ಅಪ್ಪ ಅದನ್ನು ಮಾತಿಗೆ ಆಡಿದ ಮಾತೆಂದುಕೊಂಡ. ಹೆಂಚು ಹೊದಿಸಿದ್ದಾಯಿತು. ಹೊರಡುವ ದಿನ ಸುತ್ತಲಿನ ಗಾಡಿಗಳೆಲ್ಲ ಒಂದೊಂದಾಗಿ ದಾರಿ ಹಿಡಿದವು. ಅಪ್ಪ ನಮ್ಮ ಎತ್ತನ್ನು ನೊಗಕ್ಕೆ ಹೂಡುತ್ತಿದ್ದರೆ, ಅವ್ವ ಗಾಡಿಯಿಂದ ಪಾತ್ರೆ ಇಳಿಸುತ್ತಿದ್ದಳು.

"ಏನೇ, ತಲೆ ಕೆಟ್ಟೈತೇನು?"

"ನೀವು ಅತ್ತೇನ ಕರ್ಕೊಂಡು ಹೋಗ್ರಿ. ಗಾಡಿ ಇಲ್ಲೇ ಇರ್ಲಿ, ಅದು ನಮ್ಮಪ್ಪ ಕೊಟ್ಟಿದ್ದು."

"ಅಡಿಗೆಮನೇಗೆ ಕಿಟಕಿ ಯಾರಿಡ್ತಾರೇ?" ಎಂದು ಅಜ್ಜಿ ಎದೆ ಬಡಿದುಕೊಂಡಳು. "ಓಣ್ಯಾಗೆ ಹೋಗೋ ಬರೋರ ಕಣ್ಣು ಉಣ್ಣೋ ಅನ್ನದ ಮ್ಯಾಲೆ ಬೀಳಾಕಾ? ನಮ್ಮತ್ತೆ ಇದ್ರು, ಅವರತ್ತೆ ಇದ್ರು. ಯಾರೂ ಕತ್ತಲಾಗೆ ಸಾಯ್ಲಿಲ್ಲ."

"ಸತ್ತೋದ್ರಲ್ಲ ಅತ್ತೆ, ಎಲ್ಲರೂ."

ಅಜ್ಜಿ ಪಕ್ಕದವರ ಗಾಡಿ ಹತ್ತಿ ಹೊರಟುಹೋದಳು. ಅಪ್ಪ ನೊಗ ಕೆಳಗಿಟ್ಟ.

ಆಮೇಲಿನ ದಿನಗಳಲ್ಲಿ ದಾರಿಹೋಕರೆಲ್ಲ ನಮ್ಮನ್ನು ನೋಡಲೆಂದೇ ನಿಲ್ಲುತ್ತಿದ್ದರು. ಹೊನ್ನಾಳಿ ಸಂತೆಯಿಂದ ಬರುತ್ತಿದ್ದ ಒಬ್ಬಾಕೆ ಬುಟ್ಟಿ ಇಳಿಸಿ, "ಏನವ್ವಾ, ಪ್ಲೇಗು ಹೋಗಿ ವಾರ ಆತು, ನೀನಿನ್ನೂ ಹೋಗ್ಲಿಲ್ಲಲ್ಲ?" ಎಂದಳು.

"ಊರಿಂದು ಹೋತು ಕಣವ್ವಾ. ನಮ್ಮ ಅಡಿಗೆಮನೇದು ಇನ್ನೂ ಹೋಗಿಲ್ಲ."

ಆಕೆ ನಗಲಿಲ್ಲ. ಸ್ವಲ್ಪ ಹೊತ್ತು ಒಲೆಯ ಹೊಗೆ ಎತ್ತ ಹೋಗುತ್ತಿದೆಯೆಂದು ನೋಡಿ, ಬುಟ್ಟಿ ಹೊತ್ತು ಹೋದಳು.

ಹೆಂಡತಿ ಮಗಳನ್ನು ಬಯಲಲ್ಲಿ ಬಿಟ್ಟು ಮಲಗಲಾಗದೆ ಅಪ್ಪ ದಿನಾ ಸಂಜೆ ಹೊಲಕ್ಕೆ ಬರುತ್ತಿದ್ದ. ಬಂದವನು ಉಂಡು ಗಾಡಿಯ ಕೆಳಗೆ ಮಲಗುತ್ತಿದ್ದ. ಅಂಗಡಿ ಕಟ್ಟೆಯ ಮೇಲೆ ಅವನನ್ನು "ಗಾಡಿ ಮನೆಯ ಅಳಿಯ" ಎಂದು ಆಡಿಕೊಳ್ಳುತ್ತಿದ್ದರಂತೆ. ನನಗೂ ಸುಖವಿರಲಿಲ್ಲ. ಶಾಲೆ ತೆರೆದಿತ್ತು. ನನ್ನ ಓರಗೆಯವರು ಅಲ್ಲಿ ಹೊಸ ಪಾಠ ಕಲಿಯುತ್ತಿದ್ದರು. ಊರಿಗೆ ಯಾವಾಗ ಹೋಗುವುದೆಂದು ಅವ್ವನನ್ನು ಕೇಳಿದೆ. "ನಿಂಗೂ ಒಂದಿನ ಆ ಒಲೆ ಮುಂದೆ ಕೂರೋದೈತೆ," ಎಂದಳು, ಅಷ್ಟೇ.

ಆರನೆಯ ದಿನ ಅಜ್ಜಿ ನಡೆದೇ ಬಂದಳು. ಸೊಸೆ ಬಂದ ಮೇಲೆ ಅವಳು ಆ ಒಲೆಯ ಮುಂದೆ ಕೂತವಳಲ್ಲ. ಈಗ ಐದು ದಿನ ಕೂತಿದ್ದಳು. ಕಣ್ಣು ಕೆಂಡದಂತಾಗಿತ್ತು. ಕೆಮ್ಮಿ ಸುಧಾರಿಸಿಕೊಂಡು, ಅವ್ವನ ಮುಖ ನೋಡದೆ ಕೇಳಿದಳು:

"ಎಷ್ಟು ಅಗಲ ಬೇಕೇ ನಿಂಗೆ?"

ಅವ್ವ ಪುಂಡಿನಾರಿನ ಹುರಿಯೊಂದನ್ನು ತನ್ನ ತೋಳಿನಿಂದ ಅಳೆದಳು. ಅಗಲ ಒಂದು ಮೊಳ, ಅಲ್ಲಿಗೊಂದು ಗಂಟು. ಎತ್ತರ ಒಂದೂವರೆ ಮೊಳ, ಅಲ್ಲಿಗೆ ಹುರಿ ಕತ್ತರಿಸಿದಳು. ಅದನ್ನು ಅಜ್ಜಿಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. "ಗೌಂಡಿಗೆ ತೋರ್ಸು. ಆದ ಮೇಲೆ ನೀನೇ ಅಳತೆ ಹಿಡಿದು ನೋಡಿ ಬಂದು ಹೇಳು. ನೀನು ಹೇಳಿದ್ರೆ ಗಾಡಿ ಹೂಡ್ತೀನಿ."

ಮರುದಿನ ಗೌಂಡಿ ಗೋಡೆ ಒಡೆದ. ದಪ್ಪ ಮಣ್ಣಿನ ಗೋಡೆ. ಮಧ್ಯಾಹ್ನ ಕಳೆದ ಮೇಲೆ ಓಣಿಯ ಬೆಳಕು ಒಳಗೆ ಬಂತು. ನಾನು ಹುರಿ ಹಿಡಿದೆ. ಗಂಟಿನವರೆಗೆ ಅಗಲ ಸರಿಯಾಗಿತ್ತು. ಎತ್ತರ ಹಿಡಿದರೆ ಹುರಿಯ ತುದಿ ಗೋಡೆಯ ಮೇಲೆ ಇಳಿಬಿತ್ತು. ಇನ್ನೊಮ್ಮೆ ಹಿಡಿದೆ.

"ಕೆಳಗೆ ಸ್ವಲ್ಪ ಬಿಡು ಅಂತ ನಾನೇ ಅಂದೆ," ಎಂದಳು ಅಜ್ಜಿ. "ತೀರಾ ಮಾಡಿದ್ದೆಲ್ಲ ಕಾಣ್ಬಾರ್ದಲ್ಲ."

ಅಪ್ಪ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನು ನನ್ನೊಡನೆ ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. "ಸರಿಯಾಗೈತೆ ಅಂತ ಹೇಳಿಬಿಡು ಮಗಳೇ. ಸಂಜೀಗೆ ಎಲ್ಲರೂ ಮನೇಗೆ ಬರಾಣ. ನಾಳೆ ನೀನು ಸಾಲೀಗೆ ಹೋಗಬಹುದು."

ನನಗೆ ಶಾಲೆಗೆ ಹೋಗಬೇಕಿತ್ತು. ಎಷ್ಟು ಹೋಗಬೇಕಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಒಂದು ಗೇಣು ಕಮ್ಮಿ ಐತೆ, ಅಪ್ಪ."

"ಯಾರ ಗೇಣು?"

"ಅವ್ವನ ಗೇಣು."

ಗೌಂಡಿ ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕ. ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಬೇರೆ ಕಡೆ ನೋಡಿದಳು. ಅಪ್ಪ ಎದ್ದು ಗೋಡೆಯ ಮುಂದಿನಿಂದ ಪಕ್ಕಕ್ಕೆ ಸರಿದ. ಗೌಂಡಿ ಮೂಲೆಗಿಟ್ಟಿದ್ದ ಹಾರೆಯನ್ನು ಮತ್ತೆ ಎತ್ತಿಕೊಂಡ. ನಾನು ಮಣ್ಣು ಸಿಡಿಯದಷ್ಟು ಹಿಂದೆ ಸರಿದು, ಎರಡನೆಯ ಸಲ ಅಳೆಯಲು ಅಲ್ಲೇ ನಿಂತೆ.