ಸ್ತುತಿಯಷ್ಟೇ ಉಳಿಸಿಕೊಟ್ಟ ಡಿಸ್ಕು

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಕಸ ಗುಡಿಸುವವರೂ ಬಂದಿಲ್ಲ. ಕಸ್ತೂರಿ ಆಗಲೇ ಅಂಗಡಿಯ ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ, ಮೇಜಿನ ಮೇಲೆ ಮಡಚಿದ ಟವೆಲ್ ಹಾಸಿ ಅದರ ಮೇಲೊಂದು ಹಾರ್ಡ್ ಡಿಸ್ಕ್ ಇಟ್ಟಿದ್ದಾಳೆ. ಇಷ್ಟು ಬೇಗ ಯಾಕೆ ಅನ್ನುವವರು ಬಾಜೂ ಗೋಡೆಗೆ ಕೈ ಇಟ್ಟು ನೋಡಬೇಕು. ಅದರಾಚೆ ಬಾಳೇಶನ ಹಿಟ್ಟಿನ ಗಿರಣಿ. ಅದು ಶುರುವಾಯಿತೆಂದರೆ ಗೋಡೆ, ಮೇಜು, ಚಹಾದ ಕಪ್ಪು ಎಲ್ಲ ನಡುಗುತ್ತವೆ. ಕೊನೆಯುಸಿರು ಹಿಡಿದುಕೊಂಡ ಡಿಸ್ಕು ಆ ನಡುಕ ತಾಳುವುದಿಲ್ಲ. ಹಾಗಾಗಿ ಕೆಟ್ಟು ಬಂದ ಡಿಸ್ಕುಗಳೊಳಗಿನದನ್ನು ಕಾಪಿ ಮಾಡಿಕೊಳ್ಳುವುದೆಲ್ಲ ಗಿರಣಿ ಶುರುವಾಗುವ ಮೊದಲು.

ಬಾಳೇಶ ಶಟರಿನ ಕೆಳಗಿಂದ ಮುಖ ತೂರಿಸುತ್ತಾನೆ.

“ಏನ್ ಕಸ್ತೂರಕ್ಕ, ಪೇಶಂಟ್ ಕಣ್ಣ ತಗದನೇನ?”

“ಉಸುರು ಐತಿ. ಇನ್ನೊಂದು ಅರ್ಧಾ ತಾಸು ನಿನ್ನ ಗಿರಣಿ ಬಾಯಿ ಮುಚ್ಚಿಸ.”

“ಮಂದಿ ರೊಟ್ಟಿ ತಿನ್ನೂದು ಬ್ಯಾಡೇನ?”

“ನಿನ್ನಿ ಅನ್ನ ಇದ್ರ ತಿನ್ನಲಿ.”

ಗೊಣಗುತ್ತ ಹೋಗುತ್ತಾನೆ. ಗೊಣಗಿದರೂ ಅರ್ಧ ತಾಸು ಗಿರಣಿ ಸುಮ್ಮನಿರುತ್ತದೆ.

ಕಸ್ತೂರಿ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯವಳು, ಕುರಿ ಕಾಯುವ ಮನೆತನ. ಕೊಟ್ಟ ಊರು ಧುಪದಾಳ. ಮೂಡಲಗಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಮದುವೆ ವಿಡಿಯೊ ಜೋಡಿಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಡಿಸ್ಕು ಕೆಟ್ಟಾಗಲೆಲ್ಲ ಬಿಚ್ಚಿ ನೋಡಿ ಈ ವಿದ್ಯೆ ಕೈಗೆ ಹತ್ತಿತು. ಸ್ಟುಡಿಯೋ ಮುಚ್ಚಿದ ಮೇಲೆ ಇಲ್ಲಿ ಮೇಜು ಹಾಕಿದ್ದಾಳೆ. ದಿನಕ್ಕೆ ನಾಲ್ಕೋ ಐದೋ ಡಿಸ್ಕು ಬರುತ್ತವೆ. ಯಾರದೋ ಮದುವೆ, ವಕೀಲರ ಕಾಗದ, ಕಾಲೇಜಿನ ಪಾಠ. ಕೆಲಸವಾದ ಮೇಲೆ ಒಬ್ಬರಿಗೂ ಇವಳ ಹೆಸರು ನೆನಪಿರುವುದಿಲ್ಲ, ಡಿಸ್ಕು ಮತ್ತೆ ಕೆಡುವ ತನಕ.

ಖರೆ ಹೇಳಬೇಕೆಂದರೆ, ಮಂದಿ ತಿಳಿದಷ್ಟು ಸಲ ಡಿಸ್ಕೇ ಸತ್ತಿರುವುದಿಲ್ಲ. “ಮದಲ ವಾಯರ್ ಬದಲಿ ಮಾಡ್ತೇನ್ರಿ. ಆಮ್ಯಾಗ ಕಂಪ್ಯೂಟರಿನ ಹಿಂದಿನ ತೂತಿಗೆ ಹಚ್ಚತೇನಿ, ಅಲ್ಲಿ ಕರೆಂಟ್ ಗಟ್ಟಿ ಬರತೈತಿ. ಆಗಲಿಲ್ಲಂದ್ರ ಕಿವಿ ಕೊಟ್ಟ ಕೇಳತೇನಿ. ತನ್ನ ಪಾಡಿಗೆ ತಿರಗಾಕತ್ತಿದ್ರ ಕೇಸ್ ಕೆಟ್ಟೈತಿ ಅಂತ. ಟಕ್ ಟಕ್ ಅಂದ್ರ ಒಳಗಿಂದ ಹೋಗೇತಿ,” ಎನ್ನುತ್ತಾಳೆ ಕಸ್ತೂರಿ. ಕೇಸ್ ಅಂದರೆ ಡಿಸ್ಕು ಕೂತಿರುವ ಹೊರಗಿನ ಡಬ್ಬಿ. ಅದರಲ್ಲೊಂದು ಸಣ್ಣ ಬೋರ್ಡು ಇರುತ್ತದೆ. ಸುಟ್ಟದ್ದು ಅದೊಂದೇ ಆಗಿದ್ದರೆ ಬಹಳ ಸಲ ಡಿಸ್ಕನ್ನು ಹೊರಗೆ ತೆಗೆದು ಬೇರೆ ಕೇಸಿನಲ್ಲಿ ಕೂಡಿಸಿದರೆ ಸಾಕು, ಎದ್ದು ಕೂರುತ್ತದೆ. ಪರದೆಯ ಮೇಲೆ ‘ಫಾರ್ಮ್ಯಾಟ್ ಮಾಡಲೇ?’ ಎಂದಾಗ ಒತ್ತಿಬಿಟ್ಟು ಬರುವವರ ಮೇಲೆ ಮಾತ್ರ ಅವಳಿಗೆ ವಿಪರೀತ ಸಿಟ್ಟು. “ಅದು ಕೇಳ್ತಂತ, ಇವರು ಹೂಂ ಅಂದ್ರಂತ. ಮನಿ ಬರದ ಕೊಡು ಅಂದ್ರೂ ಹೂಂ ಅಂತೀರೇನ್ರಿ ಅಂತ ಒಬ್ರಿಗೆ ಕೇಳೇಬಿಟ್ಟೆ.”

ಇಷ್ಟು ಬಾಯಿ ಇದ್ದವಳ ದನಿ ಒಂದು ಡಿಸ್ಕಿನ ಮಾತು ಬಂದರೆ ಇಳಿದುಹೋಗುತ್ತದೆ.

ಹೋದ ವರ್ಷ ದಸರೆ ಮುಗಿದ ಮೇಲೆ ಮೂಡಲಗಿ ಕಡೆಯಿಂದ ಬೀರಸಿದ್ದಪ್ಪ ಬಂದ. ಡೊಳ್ಳಿನ ಪದದ ಮೇಳದ ಹಿರಿಯ. ತಂದ ಗಂಟು ಬಿಚ್ಚಿದರೆ ಭಂಡಾರದ ಅರಿಶಿನ ಮೆತ್ತಿದ ಡಿಸ್ಕು. ಖಂಡೆಪೂಜೆ, ಅಂದರೆ ಆಯುಧಪೂಜೆಯ ದಿನ ಡೊಳ್ಳು, ತಾಳಗಳ ಜೊತೆ ಅದನ್ನೂ ಜಗಲಿಯ ಮೇಲಿಟ್ಟು ಕಾಯಿ ಒಡೆದಿದ್ದರು. ಕಾಯಿಯ ನೀರು ಕೇಸಿನೊಳಗೆ ಇಳಿದಿತ್ತು. ಮನೆಯವರು ಒರೆಸಿ, ಕಂಪ್ಯೂಟರಿಗೆ ಮತ್ತೆ ಮತ್ತೆ ಚುಚ್ಚಿ ನೋಡಿ, ಇನ್ನಷ್ಟು ಕೆಡಿಸಿದ್ದರು.

ಅದರಲ್ಲಿದ್ದುದು ಮೇಳದ ಮುಂದಾಳು ಹಾಡುಗಾರ ಯಲ್ಲಪ್ಪನ ದನಿ. ಯಲ್ಲಪ್ಪ ಈಗಿಲ್ಲ. ತಪ್ಪಿಸಿಕೊಂಡ ಕುರಿಮರಿ ಹುಡುಕುತ್ತ ತುಂಬಿದ ಹೊಳೆಗೆ ಇಳಿದ ತಂಗಿಯ ಕಥೆಯನ್ನು ಅವನು ಬೆಳಗಾಗುವ ತನಕ ಹಾಡುತ್ತಿದ್ದ. ಆ ಪದ ಇಡಿಯಾಗಿ ಬರುತ್ತಿದ್ದುದು ಅವನೊಬ್ಬನಿಗೇ. ಅವನ ನಂತರ ಅದು ಉಳಿದದ್ದು ಈ ಡಿಸ್ಕಿನಲ್ಲಿ, ಬೇರೆಲ್ಲೂ ಇಲ್ಲ.

ಹೊಸ ಕೇಸಿಗೆ ಹಾಕಿದಾಗ ಡಿಸ್ಕು ತಿರುಗಿತು, ಫೋಲ್ಡರುಗಳೂ ಕಂಡವು. ಆದರೆ ನಡುನಡುವೆ ಟಕ್ಕೆನ್ನುತ್ತಿತ್ತು.

“ಕಾಕಾ, ಮದಲ ಯಾವದು ತಗೀಲಿ? ಎಲ್ಲಾ ಬರತೈತಿ ಅಂತ ಹೇಳಾಕ ಆಗೂದಿಲ್ರಿ.”

“ಸ್ತುತಿ ತಗಿಯವ್ವಾ ಮದಲ. ಬೀರಪ್ಪನ ಸ್ತುತಿ ಇಲ್ದ ಕಥಿಗೆ ಬಾಯಿ ಹಾಕಬಾರದು.”

ಯಲ್ಲಪ್ಪ ಹಾಡಿದ ಒಂದೊಂದು ಊರಿಗೂ ಒಂದೊಂದು ಫೋಲ್ಡರು, ಪ್ರತಿಯೊಂದರಲ್ಲೂ ಮೊದಲು ಅದೇ ಸ್ತುತಿ, ಆಮೇಲೆ ಕಥೆ. ಕಸ್ತೂರಿಯದೂ ಅದೇ ದೇವರಿಗೆ ನಡೆದುಕೊಳ್ಳುವ ಮನೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಎಲ್ಲ ಊರಿನ ಸ್ತುತಿಗಳನ್ನೂ ಮೊದಲು ತೆಗೆದಳು. ಅಷ್ಟೂ ಬಂದವು. ಕಥೆಗೆ ಕೈ ಹಾಕಿದಳು, ಡಿಸ್ಕು ಕಿರ್ರೆಂದು ನಿಂತೇಬಿಟ್ಟಿತು. ಪುಣೆಯ ದೊಡ್ಡ ರಿಪೇರಿಯವರಿಗೂ ಕಳಿಸಿದ್ದಾಯಿತು. ಒಳಗಿನ ತಟ್ಟೆಯೇ ಗೀಚಿಹೋಗಿದೆ, ಏನೂ ಆಗದು ಎಂದು ತಿರುಗಿ ಬಂತು.

ಬೀರಸಿದ್ದಪ್ಪ ಸ್ಟೂಲಿನ ಮೇಲೆ ಕೂತು ಸ್ತುತಿಗಳನ್ನು ಒಂದಾದ ಮೇಲೊಂದು ಕೇಳಿದ.

“ನೋಡ ತಂಗಿ, ದೇವ್ರು ತನ್ನದಷ್ಟ ಉಳಿಸ್ಕೊಂಡ,” ಅಂದು ನಕ್ಕ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ನಗು ತಡೆದುಕೊಳ್ಳಲಾಗಲಿಲ್ಲ ಎನ್ನುತ್ತಾಳೆ ಕಸ್ತೂರಿ. “ನಾ ಹೇಳಬೇಕಾಗಿತ್ರಿ. ಸ್ತುತಿ ಮ್ಯಾಳದಾಗ ಎಲ್ಲಾರ ಬಾಯಾಗ ಐತಿ, ಕಥಿ ತಗಿಯೂನು ಅಂತ. ನನಗ ಗೊತ್ತಿತ್ತು. ಹಿರ್ಯಾರ ಮಾತು, ಅದರಾಗ ದೇವರ ಮಾತು ಅಂತ ಸುಮ್ಮ ಕುಂತೆ.” ಈಗ ಬಂದವರಿಗೆ ಯಾವುದು ಮೊದಲು ಎಂದು ಕೇಳುವುದನ್ನೇ ಬಿಟ್ಟಿದ್ದಾಳೆ. “ಯಾವುದು ಹೋದ್ರ ಮತ್ತ ಸಿಗೂದಿಲ್ಲ, ಅದನ್ನ ಹೇಳ್ರಿ” ಅನ್ನುತ್ತಾಳೆ. ಹಾಗೆ ಕೇಳಿದರೆ ಮಂದಿ ಬಹಳ ಹೊತ್ತು ಯೋಚಿಸುತ್ತಾರಂತೆ.

ಬೀರಸಿದ್ದಪ್ಪ ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಾನೆ. ನೆನಪಿದ್ದಷ್ಟನ್ನು ಹಾಡುತ್ತಾನೆ, ಕಸ್ತೂರಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾಳೆ. ಆದರೆ ಅವನು ಜೀವನವಿಡೀ ಹಿಮ್ಮೇಳದವ. ಯಲ್ಲಪ್ಪ ಸಾಲು ಎತ್ತಿಕೊಟ್ಟರೆ ಅದರ ತುದಿ ಹಿಡಿದು ಹಾಡಿದವ. ಅವನ ಬಾಯಲ್ಲಿರುವುದು ತುದಿಗಳಷ್ಟೇ. ಕಣ್ಣು ಮುಚ್ಚಿ, ಯಲ್ಲಪ್ಪನ ಸಾಲು ಮುಗಿಯುವಷ್ಟು ಹೊತ್ತು ತೊಡೆಯ ಮೇಲೆ ತಾಳ ಹಾಕುತ್ತ ಕಾಯುತ್ತಾನೆ. ಆಮೇಲೆ “ಹೊಳಿ ದಾಟ್ಯಾಳ ತಂಗಿ” ಅನ್ನುತ್ತಾನೆ. ಮತ್ತೆ ಕಾಯುತ್ತಾನೆ.

ಮದುವೆ ವಿಡಿಯೊಗಳಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿ ರೂಢಿಯಾದವಳು ಕಸ್ತೂರಿ. ಬೀರಸಿದ್ದಪ್ಪನ ಈ ರೆಕಾರ್ಡಿನಲ್ಲಿ ಒಂದನ್ನೂ ಕತ್ತರಿಸಿಲ್ಲ.

“ಇರಲಿ ಬಿಡ್ರಿ ಆ ಜಾಗಾ,” ಎನ್ನುತ್ತಾಳೆ. “ಹುಕ್ಕೇರಿ ಕಡೆ, ಮೂಡಲಗಿ ಕಡೆ, ಒಂದಾದ್ರೂ ಸಾಲು ಕೇಳಿದವರು ಯಾರಾದ್ರೂ ಇದ್ದಾರು. ಬಂದು ಹಾಡಿದ್ರ ಅಲ್ಲೇ ಕೂಡಸ್ತೇನಿ. ಎಷ್ಟ ಉದ್ದ ಬೇಕಂತ ಕಾಕಾ ಅಳತಿ ಬಿಟ್ಟಾರ.”