ಮೊದಲು ಬಾಗಿಲು, ಆಮೇಲೆ ಮೋಲ್ಡ್

ತುರುವೇಕೆರೆಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಹೊರವಲಯದ ಕಟ್ಟಡವೊಂದಕ್ಕೆ ಸೈಟ್ ಇಂಜಿನಿಯರ್ ಆಗಿ ಸೇರಿದಾಗ, ಬಡತನ ನನಗೆ ಗೊತ್ತಿರುವ ವಿಷಯ ಎಂದೇ ತಿಳಿದಿದ್ದೆ. ಅಮ್ಮ ಊರವರ ಅಟ್ಟದ ಕೊಬ್ಬರಿ ಸುಲಿಯುವ ಕೂಲಿಗೆ ಹೋಗಿಯೇ ನನ್ನನ್ನು ಓದಿಸಿದ್ದಳು. ಆದರೂ ನಮ್ಮ ಮನೆಯ ಹಿಂದೆ ತೆಂಗಿನ ಗರಿ ಹೆಣೆದ ತಡಿಕೆಯ ಮರೆಯಲ್ಲಿ ಒಂದು ಬಚ್ಚಲಿತ್ತು. ಅಷ್ಟು ಮರೆಯೂ ಇಲ್ಲದವರನ್ನು ನಾನು ಮೊದಲು ನೋಡಿದ್ದು ನಗರದಲ್ಲಿ.

ನಮ್ಮ ಸೈಟಿನಲ್ಲಿ ಯಾದಗಿರಿ ಕಡೆಯ ಕುಟುಂಬಗಳಿದ್ದವು. ತಗಡಿನ ಶೆಡ್ಡುಗಳಲ್ಲಿ ವಾಸ. ಏಪ್ರಿಲ್ ಬಿಸಿಲಲ್ಲಿ ಬಾಂಡ್ಲಿ ಹೊರುತ್ತಿದ್ದ ಹೆಂಗಸೊಬ್ಬಳಿಗೆ ನನ್ನ ನೀರಿನ ಬಾಟಲಿ ಕೊಡಲು ಹೋದೆ. ನನ್ನ ಅಮ್ಮನ ವಯಸ್ಸಿನವಳು. ತುಟಿ ಒಡೆದಿತ್ತು. ಆದರೂ ಬೇಡವೆಂದಳು.

"ಹಗಲೊತ್ತು ನೀರು ಕುಡ್ಯಂಗಿಲ್ರೀ ಮೇಡಂ. ಕುಡದ್ರ ಹೋಗದು ಎಲ್ಲಿಗ್ರೀ? ನಸಕಿನ್ಯಾಗ ಒಮ್ಮೆ ಬಯಲಿಗೆ ಹೋಗಿ ಬಂದ್ರ, ಮತ್ತ ಕತ್ತಲಾಗಬೇಕು."

ನೂರಿಪ್ಪತ್ತು ಬಚ್ಚಲುಮನೆಗಳ ನಕ್ಷೆ ನನ್ನ ಕಂಕುಳಲ್ಲಿತ್ತು. ನಾಚಿಕೆಯಾಯಿತು. ಅಂದೇ ಕಂಟ್ರಾಕ್ಟರ್ ಬಳಿ ಹೋಗಿ ಕೇಳಿದೆ. ಅವರು ತಲೆಯನ್ನೂ ಎತ್ತಲಿಲ್ಲ. "ಇನ್ನೊಂದು ವರ್ಷಕ್ಕೆ ಖಾಲಿ ಮಾಡೋ ಜನಕ್ಕೆ ಕಕ್ಕಸು ಯಾಕಮ್ಮ?" ಎಂದರು. ನಕ್ಷೆ ಸುತ್ತಿಕೊಂಡು ಹೊರಗೆ ಬಂದೆ.

ಫೋನಿನಲ್ಲಿ ಅಮ್ಮನಿಗೆ ಹೇಳಿಕೊಂಡೆ. ಸಮಾಧಾನ ಮಾಡುತ್ತಾಳೆಂದುಕೊಂಡರೆ ಬೈದಳು.

"ಅಲ್ಲ ಕಣೇ, ಅಷ್ಟು ಮನೆ ಕಟ್ಟುಸ್ತೀಯ, ಆ ಹೆಣ್ಮಕ್ಳಿಗೆ ಒಂದು ಬಚ್ಚಲು ಕಟ್ಸಕ್ಕಾಗಲ್ವೇ ನಿಂಗೆ? ಕೇಳಿ ಸುಮ್ಕೆ ಬಂದ್ಬುಟ್ಯಾ?"

ಮರುದಿನ ನಕ್ಷೆ ಬರೆದೆ. ಮೂರು ಪಾಯಿಖಾನೆ, ಎರಡು ಬಚ್ಚಲು. ಒಡೆದ ಇಟ್ಟಿಗೆ, ಉಳಿದ ತಗಡು ಸಾಕು. ನೀರು ಬೇಡವೆಂದಿದ್ದ ಆ ಅಕ್ಕನಿಗೆ ತೋರಿಸಿದೆ. ಓದಲು ಬಾರದ ಅವಳು ಗೆರೆಗಳನ್ನೆಲ್ಲ ಕೇಳಿ ತಿಳಿದುಕೊಂಡು, "ಬಚ್ಚಲಕ್ಕ ಮಾಳಿಗಿ ಎಲ್ಲೈತ್ರೀ? ಮೂರನೇ ಅಂತಸ್ತಿನ್ಯಾಗ ಗಂಡಸರು ಕೆಲಸ ಮಾಡ್ತಾರ. ಮ್ಯಾಲಿಂದ ಎಲ್ಲಾ ಕಾಣತೈತಿ" ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಮೇಲೆ ತಗಡು, ಒಳಗಿನಿಂದ ಚಿಲಕ ಸೇರಿಸಿದೆ. ಕಂಟ್ರಾಕ್ಟರ್ ಕಾಗದವನ್ನು ಡ್ರಾಯರಿಗೆ ತಳ್ಳಿ, "ನೋಡೋಣ" ಎಂದರು.

ಹದಿನೈದು ದಿನ ಕಳೆಯಿತು. ನಾಲ್ಕನೇ ಅಂತಸ್ತಿನ ಕಾಂಕ್ರೀಟ್ ಚಾವಣಿಗೆ ಮೋಲ್ಡ್ ಹಾಕುವ ದಿನ ಬಂತು. ಮೋಲ್ಡ್ ಶುರುವಾದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಜಲ್ಲಿ, ಮರಳು, ಯಂತ್ರ ಎಲ್ಲ ಸಿದ್ಧವಾಗಿತ್ತು. ಹೆಂಗಸರು ತಲೆಗೆ ಸಿಂಬಿ ಇಟ್ಟುಕೊಂಡೇ ಬಂದರು. ಬಂದು, ಬಾಂಡ್ಲಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂತುಬಿಟ್ಟರು. ನನಗೂ ಮೊದಲೇ ಹೇಳಿರಲಿಲ್ಲ.

"ಮೊದ್ಲ ಬಾಗ್ಲಾ, ಆಮ್ಯಾಲ ಮೋಲ್ಡ್," ಎಂದಳು ಅಕ್ಕ.

ಕಂಟ್ರಾಕ್ಟರ್ ಕೆಂಪಾದರು. "ಬೇರೆ ಜನ ಕರ್ಸಮ್ಮ. ಈಗ್ಲೇ ಫೋನ್ ಮಾಡು."

ಕೆಲಸ ಹೋದರೆ ಅಮ್ಮ ಮತ್ತೆ ಅಟ್ಟ ಹತ್ತಬೇಕಾಗುತ್ತದೆ ಎಂಬ ಯೋಚನೆ ಬಂತು. ಆದರೆ ಬಾಯಿ ತಾನಾಗಿ ಮಾತಾಡಿತು. "ಮಾಡಲ್ಲ ಕಣ್ರೀ. ಅವ್ರು ಕೇಳ್ತಿರೋದು ನಾನು ಬರ್ಕೊಟ್ಟಿರೋದನ್ನೇ. ನಿಮ್ ಡ್ರಾಯರಲ್ಲೈತೆ, ತೆಗೀರಿ." ಸೈಟಿನಲ್ಲಿ ಅಲ್ಲಿಯವರೆಗೆ ಅದುಮಿಟ್ಟಿದ್ದ ನಮ್ಮೂರಿನ ಮಾತು ಅಂದು ನಾಲಿಗೆ ಮೇಲೆ ಬಂದಿತ್ತು.

ಆಗ ಗಾರೆ ಮೇಸ್ತ್ರಿಯೂ ಕರಣೆ ಕೆಳಗಿಟ್ಟ. ಅವನ ಹಿಂದೆ, ಮೋಲ್ಡಿಗೆ ಹಲಗೆ ಕಟ್ಟುವ ಸೆಂಟ್ರಿಂಗಿನವರು ಇಳಿದು ಬಂದರು. ಕಂಟ್ರಾಕ್ಟರ್ ಜಲ್ಲಿ ರಾಶಿಯ ಸುತ್ತ ಎರಡು ಸುತ್ತು ನಡೆದರು. ಕೊನೆಗೆ, "ಆಯ್ತು, ಇವತ್ತೇ ಶುರು ಮಾಡ್ಸು. ಈಗ ಏಳ್ರಮ್ಮ" ಎಂದರು.

"ಸುರು ಮಾಡಿದ್ರ ಸಾಲಂಗಿಲ್ರೀ ಸಾಹೇಬ್ರ. ಚಿಲಕಾ ಹಾಕಿ ನೋಡತೀವಿ, ಆಮ್ಯಾಲ ಏಳತೀವಿ," ಎಂದಳು ಅಕ್ಕ. ಹೆಂಗಸರೆಲ್ಲ ಗೊಳ್ಳನೆ ನಕ್ಕರು. ನಾನೂ ನಕ್ಕುಬಿಟ್ಟೆ.

ಮೋಲ್ಡ್ ನಾಲ್ಕು ದಿನ ಮುಂದೆ ಹೋಯಿತು. ಗುಂಡಿ ತೋಡಿದವರು, ಗೋಡೆ ಎಬ್ಬಿಸಿದವರು ಎಲ್ಲ ಅವರೇ. ಗೂಡ್ಸ್ ಆಟೊದಲ್ಲಿ ಐದು ಬಾಗಿಲು ಬಂದಾಗ ಅಡುಗೆ ಬಿಟ್ಟು ಓಡಿಬಂದು ಇಳಿಸಿಕೊಂಡರು. ಒಬ್ಬೊಬ್ಬರಾಗಿ ಒಳಗೆ ಹೋಗಿ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. ಮರುದಿನ ಮೋಲ್ಡ್ ಹಾಕಿದೆವು. ಹೊತ್ತು ಮುಳುಗುವ ಮೊದಲೇ ಮುಗಿದದ್ದು ಆ ಕಟ್ಟಡದಲ್ಲಿ ಅದೊಂದೇ ಮೋಲ್ಡ್.

ಕೆಲಸ ಹೋಗಲಿಲ್ಲ. ಆಮೇಲೆ ನಾನು ಹೋದ ಸೈಟುಗಳಲ್ಲೆಲ್ಲ ಪಾಯಕ್ಕಿಂತ ಮೊದಲು ಕೆಲಸದವರ ಪಾಯಿಖಾನೆ, ಬಚ್ಚಲುಗಳನ್ನೇ ಕಟ್ಟಿಸಿದ್ದೇನೆ.

ಮೋಲ್ಡ್ ಮುಗಿದ ಮೇಲಿನ ಮೊದಲ ಭಾನುವಾರ ಮಟಮಟ ಮಧ್ಯಾಹ್ನ ಅಕ್ಕ ಎರಡು ಬಕೆಟ್ ಬಿಸಿನೀರು ಹೊತ್ತು ಬಚ್ಚಲಿಗೆ ಹೋದಳು. ಅರ್ಧ ಗಂಟೆಯಾದರೂ ಬರಲಿಲ್ಲ. ಅವಳ ಗಂಡ ಹೊರಗಿನಿಂದ, "ಎಷ್ಟೊತ್ತು ಮಾಡ್ತೀಯೇ, ಊಟಕ್ಕ ಹೊತ್ತಾತು!" ಎಂದು ಕೂಗಿದ.

"ನಿಂದ್ರೋ ಮಾರಾಯ," ಒಳಗಿನಿಂದ ಕೇಳಿಸಿತು, "ಇನ್ನಾ ಒಂದು ಬಕೀಟು ಐತಿ!"